ಲೇಸರ್ ಕಿರಣ ಹಲ್ಲನ್ನು ಕಾಯಬಲ್ಲದೇ?

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠವಿದೆ. ಬಾಯಿಯ ಪಿಎಚ್ ಮಟ್ಟ 5.5ಕ್ಕಿಂತ ಕೆಳಗಿಳಿದರೆ ಹಲ್ಲು ಕರಗಲಾರಂಭಿಸುತ್ತದೆ ಎಂಬ ವಿಷಯ ಅಲ್ಲಿ ಬರುತ್ತದೆ. ಆ ಪಾಠ ಮುಗಿಸಿ, 'ಯಾರಿಗಾದರೂ ಸಂದೇಹ ಉಂಟೋ?' ಎಂದು ಕೇಳಿದೆ. ಸಾಮಾನ್ಯವಾಗಿ ಈ ಮಾತು ಕೇಳಿದ ಕೂಡಲೇ ತರಗತಿಗೆ ತರಗತಿಯೇ ತಲೆ ತಗ್ಗಿಸಿಬಿಡುತ್ತದೆ. ಆ ದಿನ ಮಾತ್ರ ಕಿಟಕಿಯ ಪಕ್ಕದ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

'ಸಾರ್, ಲೇಸರ್ ಬಿಟ್ಟರೆ ಹಲ್ಲು ಹುಳುಕಾಗುವುದಿಲ್ಲವಂತೆ, ನಿಜವಾ? ಲೇಸರ್ ಕಬ್ಬಿಣವನ್ನೇ ಕೊಯ್ಯುತ್ತದೆ ಅಂತ ನೀವೇ ಹೇಳಿದ್ರಿ. ಕೊಯ್ಯುವಂಥದ್ದು ಕಾಯುವುದು ಹೇಗೆ ಸಾರ್?'

ಪ್ರಶ್ನೆ ಎಂದರೆ ಇದು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಿಗೂ ನಿಂತಲ್ಲೇ ಉತ್ತರ ಹೇಳಲು ಆಗಲಿಲ್ಲ. 'ನಾಳೆ ಹೇಳುತ್ತೇನೆ' ಎಂದೆ. ಸಂಜೆ ತೊಗರ್ಸಿಯ ಬಸ್ ನಿಲ್ದಾಣದಲ್ಲಿ ಅವಳ ತಂದೆ ಸಿಕ್ಕರು. ಪ್ರಶ್ನೆಯ ಬೇರು ಅಲ್ಲಿತ್ತು. ಅವರ ಹಿರಿಯ ಮಗ ಹಲ್ಲು ನೋವಿನಿಂದ ಪರೀಕ್ಷೆಯ ಹೊತ್ತಿನಲ್ಲೇ ನಾಲ್ಕು ದಿನ ಮಲಗಿದ್ದ. ಕೊನೆಗೆ ದವಡೆ ಹಲ್ಲನ್ನು ಕೀಳಿಸಬೇಕಾಯಿತು. ಈಗ ಮನೆಯಲ್ಲಿ ಒಂದನೆಯ ತರಗತಿಗೆ ಹೋಗುವ ಕಿರಿಯ ಮಗನಿದ್ದಾನೆ. 'ಅವನಿಗೂ ಹಾಗಾಗುವುದು ಬೇಡ ಸಾರ್. ಬೆಂಗಳೂರಿನಲ್ಲಿ ಲೇಸರ್ ಮಾಡಿಸಿದರೆ ಆಗುತ್ತದೆ ಅಂತ ಯಾರೋ ಹೇಳಿದರು. ಅಡಿಕೆ ದುಡ್ಡು ಬಂದ ಮೇಲೆ ಕರೆದುಕೊಂಡು ಹೋಗಲಾ?' ಎಂದು ಕೇಳಿದರು.

ಮಗಳದ್ದು ವಿಜ್ಞಾನದ ಪ್ರಶ್ನೆ. ತಂದೆಯದ್ದು ಬದುಕಿನ ಪ್ರಶ್ನೆ. ಎರಡಕ್ಕೂ ಈ ವಾರ ಉತ್ತರ ಹುಡುಕೋಣ.

ಹಲ್ಲಿನ ಹೊರಗೋಡೆ

ನಮ್ಮ ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಯಾವುದು? ಮೂಳೆ ಎನ್ನುವವರೇ ಹೆಚ್ಚು. ಅಲ್ಲ, ಹಲ್ಲಿನ ಹೊರಮೈಯ ಎನಾಮಲ್, ಅಂದರೆ ದಂತಕವಚ. ಅದರ ತೂಕದಲ್ಲಿ ಶೇಕಡಾ 96ರಷ್ಟು ಖನಿಜವೇ ಇದೆ. ಉಳಿದದ್ದು ನೀರು ಮತ್ತು ಅತ್ಯಲ್ಪ ಪ್ರೋಟೀನು. ದವಡೆ ಹಲ್ಲಿನ ಶಿಖರಗಳಲ್ಲಿ ಇದರ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಹಾಲು ಹಲ್ಲಿನಲ್ಲಿ ಇದು ಹೆಚ್ಚು ಕಡಿಮೆ ಅರ್ಧದಷ್ಟು ಮಾತ್ರ.

ಈ ಕವಚಕ್ಕೆ ಒಂದು ದೊಡ್ಡ ಕೊರತೆಯುಂಟು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಚರ್ಮ ಹರಿದರೆ ಮತ್ತೆ ಬೆಳೆಯುತ್ತದೆ. ದಂತಕವಚ ಮಾತ್ರ ಒಮ್ಮೆ ಗುಳಿ ಬಿದ್ದರೆ ಮತ್ತೆ ಬೆಳೆಯದು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವಷ್ಟರಲ್ಲಿ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಗೋಡೆ ಕಟ್ಟಿದ ಗಾರೆಯವರು ಊರು ಬಿಟ್ಟು ಹೋದ ಹಾಗೆ! ಇರುವ ಗೋಡೆಯನ್ನು ಕಾಪಾಡಿಕೊಳ್ಳುವುದಷ್ಟೇ ನಮಗೆ ಉಳಿದ ದಾರಿ.

ಗೋಡೆಯ ಕಲ್ಲುಗಳು ಯಾವುವು? ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿ ಅಪಟೈಟ್ ಎಂಬ ಹರಳುಗಳು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಆದರೆ ನಮ್ಮ ಕಥೆಗೆ ಇನ್ನೊಂದು ಸಂಗತಿ ಬೇಕು. ಬಾಯಿಯೊಳಗಿನ ಹಲ್ಲಿನಲ್ಲಿ ಈ ಹರಳು ಅಪ್ಪಟವಾಗಿರುವುದಿಲ್ಲ. ಫಾಸ್ಫೇಟ್ ಇರಬೇಕಾದ ಕೆಲವು ಜಾಗಗಳಲ್ಲಿ ಕಾರ್ಬೊನೇಟ್ ಬಂದು ಕುಳಿತಿರುತ್ತದೆ. ಅದರ ಪ್ರಮಾಣ ತೂಕದಲ್ಲಿ ಶೇಕಡಾ 3ರ ಆಸುಪಾಸು.

ನಮ್ಮ ಕಡೆ ಜಂಬಿಟ್ಟಿಗೆಯ ಗೋಡೆ ಕಟ್ಟುವುದನ್ನು ನೀವು ನೋಡಿದ್ದೀರಿ. ನೂರು ಕಲ್ಲಿನ ಸಾಲಿನಲ್ಲಿ ಮೂರು ಕಲ್ಲು ಬೇರೆ ಅಳತೆಯವು ಸೇರಿಕೊಂಡರೆ ಏನಾಗುತ್ತದೆ? ಗೋಡೆ ನಿಲ್ಲುತ್ತದೆ, ನಿಜ. ಆದರೆ ಆ ಮೂರು ಕಲ್ಲುಗಳ ಅಕ್ಕಪಕ್ಕದಲ್ಲಿ ಸಂದು ಉಳಿಯುತ್ತದೆ. ಮಳೆಗಾಲದಲ್ಲಿ ನೀರು ಇಳಿಯುವುದು ಆ ಸಂದಿನಿಂದಲೇ. ಹಲ್ಲಿನಲ್ಲಿ ಕಾರ್ಬೊನೇಟ್ ಮಾಡುವ ಕೆಲಸ ಇದೇ. ಅದು ಇದ್ದಲ್ಲಿ ಹರಳಿನ ಕಟ್ಟು ಸಡಿಲ. ಆಮ್ಲ ಮೊದಲು ಕರಗಿಸುವುದು ಆ ಜಾಗವನ್ನು.

ಸಿಹಿ ಹುಳಿಯಾಗುವ ಬಗೆ

'ಹುಳುಕು ಹಲ್ಲು' ಎಂಬ ಮಾತು ಕೇಳಿದರೆ ಹಲ್ಲಿನೊಳಗೆ ಹುಳು ಇದೆ ಎಂದು ತೋರುತ್ತದೆ. ಬಿಸಿ ಎಣ್ಣೆಯ ಹೊಗೆ ಕೊಟ್ಟು ಹುಳು ತೆಗೆಯುತ್ತೇವೆ ಎನ್ನುವವರು ಹಿಂದೆ ಊರೂರಿಗೆ ಬರುತ್ತಿದ್ದರು. ಅಂಥ ಹುಳು ಯಾವುದೂ ಇಲ್ಲ. ಇರುವುದು ಬರಿಗಣ್ಣಿಗೆ ಕಾಣದ ಸೂಕ್ಷ್ಮಾಣುಗಳು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅವುಗಳಲ್ಲಿ ಮುಖ್ಯವಾದದ್ದು. ಹಲ್ಲಿನ ಮೇಲೆ ಅಂಟಂಟಾದ ಪದರ ಕಟ್ಟಿಕೊಂಡು ಕುಳಿತಿರುತ್ತವೆ. ನಾವು ಸಕ್ಕರೆ ತಿಂದಾಗ ಅವೂ ತಿನ್ನುತ್ತವೆ. ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ಬಿಡುತ್ತವೆ. ಹಾಲನ್ನು ಹುಳಿ ಮಾಡಿ ಮೊಸರಾಗಿಸುವ ಆಮ್ಲವೂ ಅದೇ.

ಮಲ್ಲಿಕಾರ್ಜುನ ದೇವರ ಜಾತ್ರೆಗೆ ಹೋದ ಹುಡುಗ ಬೆಂಡು ಬತ್ತಾಸು ಕೊಂಡ ಎನ್ನಿ. ಮೊದಲ ಬತ್ತಾಸು ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪದರದ ಪಿಎಚ್ 5.5ಕ್ಕಿಂತ ಕೆಳಗಿಳಿಯುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಪಿಎಚ್ ಅನ್ನು ಮತ್ತೆ ಮೇಲಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಇದನ್ನು ಅಳೆದು ನಕ್ಷೆ ಬರೆದು ತೋರಿಸಿದರು. ಹುಡುಗ ಎಲ್ಲ ಬತ್ತಾಸನ್ನೂ ಒಟ್ಟಿಗೆ ತಿಂದು ಬಾಯಿ ಮುಕ್ಕಳಿಸಿದರೆ ಒಂದೇ ಸಲ ಹುಳಿಯಾಗುತ್ತದೆ. ಕಿಸೆಯಲ್ಲಿಟ್ಟುಕೊಂಡು ಸಂಜೆಯವರೆಗೆ ಒಂದೊಂದೇ ಚೀಪಿದರೆ ಬಾಯಿ ದಿನವಿಡೀ ಹುಳಿ. ಎಷ್ಟು ತಿಂದ ಎಂಬುದಕ್ಕಿಂತ ಎಷ್ಟು ಸಲ ತಿಂದ ಎಂಬುದೇ ಹಲ್ಲಿಗೆ ಹೆಚ್ಚು ಮುಖ್ಯ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಒಂದು ಲೋಟದಲ್ಲಿ ನಿಂಬೆ ರಸ ತೆಗೆದುಕೊಂಡು ಮೊಟ್ಟೆಯ ಚಿಪ್ಪಿನ ಚೂರನ್ನು ಹಾಕಿ. ಚಿಪ್ಪಿನ ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದೊಡನೆ ಕಾರ್ಬೊನೇಟ್ ಒಡೆದು ಇಂಗಾಲದ ಡೈ ಆಕ್ಸೈಡ್ ಅನಿಲವಾಗಿ ಹೊರಬರುತ್ತಿದೆ. ಹಲ್ಲು ಚಿಪ್ಪಿನಂತೆ ಪೂರ್ತಿ ಕಾರ್ಬೊನೇಟ್ ಅಲ್ಲ, ಆದ್ದರಿಂದ ಇಷ್ಟು ಬೇಗ ಕರಗದು. ಆದರೆ ಕಾರ್ಬೊನೇಟ್ ಆಮ್ಲಕ್ಕೆ ಎಷ್ಟು ಸುಲಭದ ತುತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಈ ಗುಳ್ಳೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಅಂದರೆ, ಹಲ್ಲಿನ ಹೊರಮೈಯಿಂದ ಕಾರ್ಬೊನೇಟನ್ನು ಓಡಿಸಿದರೆ ಕವಚ ಗಟ್ಟಿಯಾಗಬೇಕು. ಓಡಿಸುವುದು ಹೇಗೆ? ಕಾಯಿಸಬೇಕು, ಅದೂ ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ವರೆಗೆ. ಬಾಯಿಯೊಳಗೆ ಒಲೆ ಹೊತ್ತಿಸುವುದುಂಟೇ? ಲೇಸರ್ ಬೇಕಾಗುವುದು ಇಲ್ಲಿ.

ಬಾರಾಮತಿಯ ಪಟೇಲರು

ಟಾರ್ಚಿನ ಬೆಳಕು ಜಾತ್ರೆಯ ಜನರಂತೆ. ಬೇರೆ ಬೇರೆ ಬಣ್ಣ, ಒಬ್ಬೊಬ್ಬರದು ಒಂದೊಂದು ದಿಕ್ಕು. ಲೇಸರ್ ಬೆಳಕು ಆಗಸ್ಟ್ 15ರ ಪಥಸಂಚಲನದಂತೆ. ಎಲ್ಲರದೂ ಒಂದೇ ಬಣ್ಣದ ಅಂಗಿ, ಒಂದೇ ದಿಕ್ಕು, ಒಂದೇ ಹೆಜ್ಜೆ. ಆದ್ದರಿಂದ ಅದರ ಶಕ್ತಿಯನ್ನೆಲ್ಲ ಸಾಸಿವೆ ಕಾಳಿಗಿಂತ ಚಿಕ್ಕ ಜಾಗಕ್ಕೆ ತಂದು ನಿಲ್ಲಿಸಬಹುದು. ಅಮೆರಿಕದ ಥಿಯೋಡರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು.

ಹೊಸ ಕತ್ತಿ ಕೈಗೆ ಬಂದರೆ ಎಲ್ಲರೂ ಏನನ್ನಾದರೂ ಕೊಯ್ದು ನೋಡುತ್ತಾರೆ. ದಂತ ವಿಜ್ಞಾನಿಗಳೂ ಹಾಗೇ ಮಾಡಿದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಸ್ಟರ್ನ್ ಮತ್ತು ಸಾಗ್ನಸ್ ಎಂಬಿಬ್ಬರು ಕಿತ್ತ ಹಲ್ಲುಗಳ ಮೇಲೆ ಮಾಣಿಕ್ಯದ ಲೇಸರ್ ಹಾಯಿಸಿ 1964ರಲ್ಲಿ ವರದಿ ಬರೆದರು. ಹಲ್ಲನ್ನು ಕೊರೆಯುವ ಯಂತ್ರವಾಗಿ ಅದು ಅಷ್ಟೇನೂ ಒದಗಲಿಲ್ಲ. ಆದರೆ ಅವರ ಗುಂಪು 1966ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿತು. ಲೇಸರ್ ತಾಗಿದ ದಂತಕವಚ, ತಾಗದ ಕವಚಕ್ಕಿಂತ ಆಮ್ಲಕ್ಕೆ ಹೆಚ್ಚು ಕಾಲ ಎದುರು ನಿಲ್ಲುತ್ತಿತ್ತು! ಕೊಯ್ಯಲು ಹೋದ ಕತ್ತಿ ಕಾಯುವ ಗುರಾಣಿಯೂ ಆಗಬಹುದು ಎಂಬ ಸುಳಿವು ಸಿಕ್ಕಿದ್ದು ಅಲ್ಲಿ.

ಒಂದು ತೊಡಕಿತ್ತು. ಮಾಣಿಕ್ಯದ ಲೇಸರ್ ಕೆಂಪು ಬೆಳಕು. ಬಿಳಿ ಹಲ್ಲು ಕೆಂಪು ಬೆಳಕನ್ನು ಹೆಚ್ಚು ಹೀರುವುದಿಲ್ಲ. ಮೇಲ್ಮೈ ಕಾಯಬೇಕಾದರೆ ವಿಪರೀತ ಶಕ್ತಿ ಸುರಿಯಬೇಕು. ಆಗ ಶಾಖ ಒಳಗಿಳಿದು, ನರ ಮತ್ತು ರಕ್ತನಾಳಗಳಿರುವ ಹಲ್ಲಿನ ತಿರುಳನ್ನು ಮುಟ್ಟುತ್ತದೆ. ತಿರುಳಿನ ಉಷ್ಣತೆ ಐದೂವರೆ ಡಿಗ್ರಿ ಏರಿದರೂ ಕೆಲವು ಹಲ್ಲುಗಳು ಸಾಯುತ್ತವೆ ಎಂದು 1965ರಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗ ತೋರಿಸಿತ್ತು. ಹೊರಗೆ ಕುಲುಮೆ, ಒಳಗೆ ತಂಪು, ಎರಡೂ ಬೇಕು!

ಇದಕ್ಕೆ ಹೊಂದುವ ಬೆಳಕನ್ನು ಕೊಟ್ಟವರು ನಮ್ಮ ನಾಡಿನವರೇ. ಕುಮಾರ್ ಪಟೇಲ್ ಎಂಬುವರು 1938ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದರು. ಅಲ್ಲಿನ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇಂಗಾಲದ ಡೈ ಆಕ್ಸೈಡ್ ಅನಿಲದಿಂದ ಲೇಸರ್ ಹೊರಡಿಸಿದರು. ಕಣ್ಣಿಗೆ ಕಾಣದ, ಶಾಖ ತುಂಬಿದ ಅವಕೆಂಪು ಕಿರಣ ಅದು. ಉಕ್ಕಿನ ತಗಡು ಕೊಯ್ಯುವ ಕಾರ್ಖಾನೆಗಳಲ್ಲಿ ಈ ಬಗೆಯ ಲೇಸರ್ ಹೆಸರಾಯಿತು. ಬಾರಾಮತಿ ಎಂದರೆ ಕಬ್ಬಿನ ಸೀಮೆ. ಸಕ್ಕರೆಯ ನಾಡಿನಲ್ಲಿ ಹುಟ್ಟಿದವರ ಲೇಸರ್ ಸಕ್ಕರೆಯಿಂದ ಹಲ್ಲನ್ನು ಕಾಯಲು ಒದಗಿದ್ದು ಎಂಥ ಸೋಜಿಗ!

ಜೋಕಾಲಿ ಮತ್ತು ಆವಿಗೆ

ಪಂಚಮಿ ಹಬ್ಬದಲ್ಲಿ ಜೋಕಾಲಿ ಜೀಕಿದವರಿಗೆಲ್ಲ ಒಂದು ಗುಟ್ಟು ಗೊತ್ತು. ಜೋಕಾಲಿ ಹಿಂದಕ್ಕೆ ಬಂದ ಸರಿಯಾದ ಹೊತ್ತಿಗೆ ಬೆರಳಿನಿಂದ ನೂಕಿದರೂ ಸಾಕು, ಎತ್ತರಕ್ಕೆ ಏರುತ್ತದೆ. ಹೊತ್ತು ತಪ್ಪಿದರೆ ಎರಡೂ ಕೈಯಿಂದ ನೂಕಿದರೂ ವ್ಯರ್ಥ. ದಂತಕವಚದಲ್ಲಿರುವ ಫಾಸ್ಫೇಟ್ ಗುಂಪುಗಳೂ ಜೋಕಾಲಿಗಳೇ. ಅವುಗಳಿಗೆ ತಮ್ಮದೇ ಆದ ಒಂದು ತೂಗಾಟದ ಲಯವಿದೆ. ಆ ಲಯಕ್ಕೆ ಸರಿಹೊಂದುವ ಅಲೆ ಬಂದರೆ ಅವು ಅದನ್ನು ಗಟಗಟನೆ ಕುಡಿದು ಬಿಸಿಯಾಗುತ್ತವೆ.

ಪಟೇಲರ ಲೇಸರ್ ಸಾಮಾನ್ಯವಾಗಿ ಕೊಡುವುದು 10.6 ಮೈಕ್ರೊಮೀಟರ್ ಅಲೆಯುದ್ದದ ಕಿರಣ. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆದರೆ ಅದೇ ಅನಿಲದಿಂದ 9.6 ಮತ್ತು 9.3 ಮೈಕ್ರೊಮೀಟರ್ ಕಿರಣಗಳನ್ನೂ ಪಡೆಯಬಹುದು. ಫಾಸ್ಫೇಟಿನ ಲಯಕ್ಕೆ ಹತ್ತಿರವಾದವು ಇವು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದಲ್ಲಿ ಜಾನ್ ಫೆದರ್‌ಸ್ಟೋನ್, ಡೇನಿಯಲ್ ಫ್ರೀಡ್ ಮೊದಲಾದವರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 9.6ರ ಕಿರಣವನ್ನು ದಂತಕವಚ 10.6ರ ಕಿರಣಕ್ಕಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಹೀರುತ್ತದೆ. ಅದು ಇಳಿಯುವ ಆಳ ಒಂದು ಮೈಕ್ರೊಮೀಟರಿನಷ್ಟೇ. ನಮ್ಮ ತಲೆಗೂದಲಿನ ದಪ್ಪದ ಐವತ್ತನೆಯ ಒಂದು ಪಾಲಿಗಿಂತಲೂ ಕಡಿಮೆ!

ಇನ್ನು ಶಾಖ ಒಳಗೆ ಹರಿಯದಂತೆ ನೋಡಿಕೊಳ್ಳಬೇಕು. ಕಾದ ಹೆಂಚಿಗೆ ಒದ್ದೆ ಬೆರಳು ತಾಗಿಸಿ ಚಟ್ಟನೆ ತೆಗೆಯುವ ಅಮ್ಮನನ್ನು ನೋಡಿ. ಹೆಂಚು ಸುಡುತ್ತಿದೆ, ಬೆರಳು ಸುಡಲಿಲ್ಲ. ಸಮಯ ಸಾಲಲಿಲ್ಲ, ಅಷ್ಟೆ. ಲೇಸರನ್ನೂ ಹಾಗೆ ಮಿಡಿತ ಮಿಡಿತವಾಗಿ ಬಿಡುತ್ತಾರೆ. ಒಂದು ಮಿಡಿತ ಸೆಕೆಂಡಿನ ಐವತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ ಇರುತ್ತದೆ. ಮೇಲ್ಮೈ ಕಾಯುತ್ತದೆ, ಶಾಖ ತಿರುಳಿನ ದಾರಿ ಹಿಡಿಯುವ ಮೊದಲೇ ಮಿಡಿತ ಮುಗಿದಿರುತ್ತದೆ.

ಕಾದ ಮೇಲ್ಮೈಯಲ್ಲಿ ಏನಾಗುತ್ತದೆ? ಕುಂಬಾರರ ಆವಿಗೆಯನ್ನು ನೆನೆಯಿರಿ. ಬಿಸಿಲಲ್ಲಿ ಒಣಗಿಸಿದ ಹಸಿ ಮಡಕೆಯೂ ನೋಡಲು ಮಡಕೆಯೇ. ನೀರು ಹಾಕಿದರೆ ಮಾತ್ರ ಕರಗಿ ಕೆಸರಾಗುತ್ತದೆ. ಆವಿಗೆಯಲ್ಲಿ ಬೆಂದು ಬಂದದ್ದು ನೀರು ಹಿಡಿದು ನಿಲ್ಲುತ್ತದೆ. ಮಣ್ಣು ಅದೇ; ಬೆಂಕಿ ಒಳಗಿನದನ್ನು ಹೊರಗಟ್ಟಿ ಕಣಗಳನ್ನು ಒಂದಕ್ಕೊಂದು ಬೆಸೆದಿದೆ. ದಂತಕವಚದ ಹೊರಪದರವೂ ಹೀಗೆಯೇ ಬೇಯುತ್ತದೆ. ಸಡಿಲ ಕಲ್ಲಾಗಿ ಕುಳಿತಿದ್ದ ಕಾರ್ಬೊನೇಟ್ ಇಂಗಾಲದ ಡೈ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ನಿಂಬೆ ರಸದ ಗುಳ್ಳೆಗಳಲ್ಲಿ ಕಂಡಿರಲ್ಲ, ಅದೇ ಅನಿಲ! ಲೇಸರ್ ಕೊಳವೆಯೊಳಗೆ ಇರುವುದೂ ಅದೇ. ಉಳಿದ ಹರಳು ಅಪ್ಪಟ ಅಪಟೈಟಿಗೆ ಹತ್ತಿರವಾಗುತ್ತದೆ, ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ.

ಕಾರ್ಬೊನೇಟ್ ನಿಜವಾಗಿ ಹೋಯಿತೇ ಎಂದು ತಿಳಿಯುವುದಕ್ಕೂ ನಮ್ಮವರೊಬ್ಬರ ಹೆಸರು ಬೇಕು. 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದು, ಮುಂದೆ ಬೆಂಗಳೂರಿನಲ್ಲೇ ನೆಲೆಸಿ ದುಡಿದ ಸರ್ ಸಿ.ವಿ. ರಾಮನ್ ಅವರದು. ಹಲ್ಲಿನ ಮೇಲೆ ಬಿದ್ದು ಚದುರಿದ ಬೆಳಕಿನ ರಾಮನ್ ರೋಹಿತದಲ್ಲಿ ಫಾಸ್ಫೇಟಿಗೊಂದು ಗುರುತು, ಕಾರ್ಬೊನೇಟಿಗೊಂದು ಗುರುತು ಬೇರೆ ಬೇರೆಯಾಗಿ ಕಾಣುತ್ತವೆ. ಲೇಸರ್ ತಾಗಿದ ಮೇಲೆ ಕಾರ್ಬೊನೇಟಿನ ಗುರುತು ಕುಗ್ಗುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದೇ ಬಿಸಿಲು ಹಪ್ಪಳವನ್ನು ಒಣಗಿಸಿ ವರ್ಷಕಾಲ ಕೆಡದಂತೆ ಕಾಯುತ್ತದೆ. ಅದೇ ಬಿಸಿಲನ್ನು ಭೂತಗನ್ನಡಿಯಲ್ಲಿ ಹಿಡಿದರೆ ಕಾಗದ ಸುಟ್ಟು ತೂತಾಗುತ್ತದೆ. ಕೊಯ್ಯುವುದೂ ಕಾಯುವುದೂ ಬೆಳಕಿನ ಗುಣವಲ್ಲ. ಯಾವ ಅಲೆ, ಎಷ್ಟು ಶಕ್ತಿ, ಎಷ್ಟು ಹೊತ್ತು ಎಂಬ ಅಳತೆಯ ಗುಣ.

ಪರೀಕ್ಷೆಯಲ್ಲಿ ಎಷ್ಟು ಅಂಕ?

ಕಿತ್ತ ಹಲ್ಲಿನ ಮೇಲೆ ಗೆದ್ದದ್ದು ಬಾಯೊಳಗೆ ಗೆಲ್ಲಬೇಕೆಂದಿಲ್ಲ. ಅದಕ್ಕೆಂದೇ ಸ್ಯಾನ್ ಫ್ರಾನ್ಸಿಸ್ಕೊದವರು ಒಂದು ಜಾಣ ಉಪಾಯ ಹೂಡಿದರು. ಹಲ್ಲು ಸಾಲು ಮಾಡಿಸಿಕೊಳ್ಳಲು ಬಂದವರಲ್ಲಿ ಕೆಲವರಿಗೆ ಜಾಗಕ್ಕಾಗಿ ಮುಂದವಡೆ ಹಲ್ಲನ್ನು ಹೇಗೂ ಕೀಳಬೇಕಾಗುತ್ತದೆ. ಅಂಥ ಹಲ್ಲಿನ ಮೇಲೆ 9.6ರ ಲೇಸರ್ ಹಾಯಿಸಿ, ಕೆಲವು ವಾರ ಬಾಯಲ್ಲೇ ಬಿಟ್ಟು, ಆಮೇಲೆ ಕಿತ್ತು ಕೊಯ್ದು ನೋಡಿದರು. ಲೇಸರ್ ತಾಗಿದ ಜಾಗದಲ್ಲಿ ಖನಿಜ ನಷ್ಟ ನಾಲ್ಕು ವಾರಗಳ ಗುಂಪಿನಲ್ಲಿ ಶೇಕಡಾ 46ರಷ್ಟೂ, ಹನ್ನೆರಡು ವಾರಗಳ ಗುಂಪಿನಲ್ಲಿ ಶೇಕಡಾ 87ರಷ್ಟೂ ಕಡಿಮೆಯಾಗಿತ್ತು. ಇದು 2011ರಲ್ಲಿ ಪ್ರಕಟವಾಯಿತು. ಇನ್ನೊಂದು ಅಧ್ಯಯನದಲ್ಲಿ ದವಡೆ ಹಲ್ಲಿನ ಸಂದುಗಳಿಗೆ ಲೇಸರ್ ಮತ್ತು ಫ್ಲೋರೈಡ್ ಲೇಪ ಎರಡನ್ನೂ ಕೊಟ್ಟು ಒಂದು ವರ್ಷ ಕಾದರು. ಅದೇ ಬಾಯಲ್ಲಿ ಬರಿಯ ಲೇಪ ಪಡೆದ ಹಲ್ಲಿಗಿಂತ ಎರಡನ್ನೂ ಪಡೆದ ಹಲ್ಲು ಚೆನ್ನಾಗಿತ್ತು.

ಒಳ್ಳೆಯ ಅಂಕವೇ. ಆದರೆ ಮೇಷ್ಟರಾದ ನಾನು ಉತ್ತರಪತ್ರಿಕೆಯ ಹಿಂದಿನ ಪುಟವನ್ನೂ ತಿರುವಿ ನೋಡಬೇಕು. ಈ ಪರೀಕ್ಷೆಗಳಿಗೆ ಕೂತವರು ಕೆಲವೇ ಮಂದಿ, ನೋಡಿದ ಕಾಲ ಕೆಲವು ತಿಂಗಳು. ನಮ್ಮ ಮಕ್ಕಳ ಹಲ್ಲು ಅರವತ್ತು ವರ್ಷ ಬಾಳಬೇಕು. ಶಕ್ತಿ ಸ್ವಲ್ಪ ಹೆಚ್ಚಾದರೆ ಕವಚದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಆಮ್ಲಕ್ಕೆ ಹೊಸ ದಾರಿ ತೆರೆದ ಹಾಗಾಗುತ್ತದೆ. ಬೆಂದ ಪದರವೋ ತೀರ ತೆಳು. ಎಲ್ಲಕ್ಕಿಂತ ಮುಖ್ಯವಾಗಿ, ಈಗಾಗಲೇ ಗುಳಿ ಬಿದ್ದ ಹಲ್ಲನ್ನು ಈ ಕ್ರಮ ಮತ್ತೆ ಬೆಳೆಸುವುದಿಲ್ಲ.

ಪಾಲಕರು ಗಮನಿಸಬೇಕಾದ ಇನ್ನೊಂದು ಮಾತು. ದಂತ ಚಿಕಿತ್ಸಾಲಯದ ಬೋರ್ಡಿನಲ್ಲಿ 'ಲೇಸರ್' ಎಂದಿದ್ದರೆ ಎಲ್ಲವೂ ಒಂದೇ ಅಲ್ಲ. ಡಯೋಡ್ ಲೇಸರ್ ಒಸಡಿನಂಥ ಮೆದು ಭಾಗದ ಕೆಲಸಕ್ಕೆ. ಎರ್ಬಿಯಂ ಲೇಸರ್ ಹುಳುಕನ್ನು ಕೊರೆದು ತೆಗೆಯಲು. ಅಮೆರಿಕದಲ್ಲಿ ಅದಕ್ಕೆ 1997ರಲ್ಲಿ ಒಪ್ಪಿಗೆ ಸಿಕ್ಕಿತು. ನಾನು ಇಲ್ಲಿ ಹೇಳಿದ ಕವಚ ಗಟ್ಟಿ ಮಾಡುವ ಲೇಸರ್ ಬೇರೆಯೇ. ಯಾವ ಲೇಸರ್, ಯಾವ ಕೆಲಸಕ್ಕೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಮತ್ತೆ ಮಕ್ಕಳೇ, ಜಾತ್ರೆಯಲ್ಲಿ ಸಿಗುವ ಲೇಸರ್ ಆಟಿಕೆಯನ್ನು ಹಲ್ಲಿಗೆ ಹಿಡಿದು ನೋಡುವ ಸಾಹಸ ಬೇಡ. ಹಲ್ಲಿಗೆ ಅದರಿಂದ ಏನೂ ಆಗದು. ಕಣ್ಣಿಗೆ ಬಿದ್ದರೆ ಮಾತ್ರ ದೃಷ್ಟಿಪಟಲಕ್ಕೇ ಅಪಾಯ.

ಹಳೆಯ ಕಾವಲುಗಾರ ಫ್ಲೋರೈಡ್

ಲೇಸರ್ ಸಡಿಲ ಕಲ್ಲನ್ನು ತೆಗೆಯುತ್ತದೆ. ಫ್ಲೋರೈಡ್ ಬಿಗಿಯಾದ ಕಲ್ಲನ್ನು ಇಡುತ್ತದೆ. ಹರಳಿನಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗಕ್ಕೆ ಫ್ಲೋರೈಡ್ ಬಂದು ಕೂತರೆ ಅದು ಫ್ಲೋರ್ ಅಪಟೈಟ್ ಆಗುತ್ತದೆ. ಆಗ ಕರಗುವ ಗೆರೆ ಪಿಎಚ್ 5.5ರಿಂದ ಸುಮಾರು 4.5ಕ್ಕೆ ಇಳಿಯುತ್ತದೆ. ಪಾಠ ನೆನಪಿದೆಯಲ್ಲ, ಪಿಎಚ್‌ನಲ್ಲಿ ಒಂದು ಮೆಟ್ಟಿಲೆಂದರೆ ಆಮ್ಲತೆಯಲ್ಲಿ ಹತ್ತು ಪಟ್ಟು! ಇದು ಸಿಗುವುದು ಬೆಂಗಳೂರಿನಲ್ಲಲ್ಲ, ಶಿರಾಳಕೊಪ್ಪದ ಕಿರಾಣಿ ಅಂಗಡಿಯ ಟೂತ್‌ಪೇಸ್ಟಿನಲ್ಲಿ. ಕೊಳ್ಳುವಾಗ ಮೇಲೆ ಫ್ಲೋರೈಡ್ ಎಂದು ಬರೆದಿದೆಯೇ ನೋಡಿಕೊಳ್ಳಿ.

ಇಲ್ಲಿಯೂ ಅಳತೆಯದ್ದೇ ಮಾತು. ನಮ್ಮ ರಾಜ್ಯದ ಪಾವಗಡ, ಮುಂಡರಗಿ, ಕೋಲಾರದ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲೇ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬೆಳೆಯುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಆ ಕಡೆಯ ಪಾಲಕರು ಮೊದಲು ನೀರು ಪರೀಕ್ಷೆ ಮಾಡಿಸಿ, ದಂತವೈದ್ಯರನ್ನು ಕೇಳಿ ಮುಂದುವರಿಯಬೇಕು. ಎಲ್ಲೇ ಇರಲಿ, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ನುಂಗಬಾರದು, ಉಗುಳಬೇಕು.

ಆರನೆಯ ಹಲ್ಲು

ಈಗ ತಂದೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮೊದಲು ನನ್ನ ಬಾಯಿಯ ಕಥೆಯನ್ನೇ ಹೇಳಬೇಕು.

ಹನ್ನೊಂದನೆಯ ವಯಸ್ಸಿಗೆ ನನ್ನ ಕೆಳಗಿನ ಎಡದವಡೆಯ ಹಲ್ಲು ಹುಳುಕಾಯಿತು. ಅಜ್ಜಿ ಲವಂಗ ಇಟ್ಟರು, ಇಂಗು ಇಟ್ಟರು. 'ಹಾಲು ಹಲ್ಲು, ಇನ್ನೇನು ಬೀಳುತ್ತದೆ, ಹೊಸದು ಬರುತ್ತದೆ' ಎಂದು ಸಮಾಧಾನ ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಅವರಿಗೂ ಗೊತ್ತಿರಲಿಲ್ಲ. ಕೆನ್ನೆ ಊದಿ ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದ ಮೇಲೆ ಹಲ್ಲು ಕೀಳಿಸಿದರು. ಹೊಸದು ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಅದು ಹಾಲು ಹಲ್ಲಾಗಿರಲೇ ಇಲ್ಲ. ಇಂದಿಗೂ ಕಡಲೆ ತಿನ್ನುವಾಗ ನಾನು ಬಲಗಡೆಯಲ್ಲೇ ಅಗಿಯುತ್ತೇನೆ. 'ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ' ಎಂಬ ಗಾದೆಯನ್ನು ಹನ್ನೊಂದಕ್ಕೇ ಕಲಿತವನು ನಾನು.

ಬಸ್ ನಿಲ್ದಾಣದಲ್ಲಿ ಸಿಕ್ಕ ಆ ತಂದೆಯ ಹಿರಿಯ ಮಗ ಕಳೆದುಕೊಂಡದ್ದೂ ಅದೇ ಹಲ್ಲನ್ನು.

ಮಗುವಿಗೆ ಸುಮಾರು ಆರು ವರ್ಷ ತುಂಬಿದಾಗ, ಹಾಲು ಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಾಲು ಹಲ್ಲೂ ಬೀಳುವುದಿಲ್ಲ. ಆದ್ದರಿಂದ ಮನೆಯವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಗುರುತಿಸುವುದು ಸುಲಭ. ಎರಡು ಮುಂಬಲ್ಲುಗಳ ನಡುವಿನಿಂದ ಒಂದು ಪಕ್ಕಕ್ಕೆ ಎಣಿಸುತ್ತ ಹೋಗಿ. ಐದು ಹಾಲು ಹಲ್ಲುಗಳ ಸ್ಥಾನ. ಆರನೆಯದೇ ಅದು. ಆರನೆಯ ವರ್ಷಕ್ಕೆ ಬರುವ ಆರನೆಯ ಹಲ್ಲು. ಮೇಲೆ ಎರಡು, ಕೆಳಗೆ ಎರಡು. ಜೀವಮಾನಕ್ಕೆ ಅಷ್ಟೇ. ಹೊಸದಾಗಿ ಬಂದಾಗ ಅದರ ಸಂದುಗಳು ಬ್ರಷ್ಷಿನ ಎಳೆ ಇಳಿಯದಷ್ಟು ಕಿರಿದು. ಹುಳುಕು ಮೊದಲು ಮನೆ ಮಾಡುವುದು ಅಲ್ಲೇ.

ಆದ್ದರಿಂದ ಅವರಿಗೆ ಹೇಳಿದೆ: 'ಅಡಿಕೆ ದುಡ್ಡಿಗೆ ಕಾಯಬೇಡಿ. ಲೇಸರ್ ಸುಳ್ಳಲ್ಲ, ಆದರೆ ಅದು ಸಾಲಿನಲ್ಲಿ ಕೊನೆಗೆ ನಿಲ್ಲುವ ಕಾವಲುಗಾರ. ಮೊದಲನೆಯ ಕಾವಲು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ನೀವೇ ಮಾಡಿಸುವ ಹಲ್ಲುಜ್ಜಾಟ. ಎರಡನೆಯದು ಊಟದ ನಡುನಡುವೆ ಸಿಹಿ ಚೀಪುವುದನ್ನು ಬಿಡಿಸುವುದು. ಮೂರನೆಯದು ಆರನೆಯ ಹಲ್ಲು ಪೂರ್ತಿ ಮೇಲೆ ಬಂದೊಡನೆ ದಂತವೈದ್ಯರಲ್ಲಿ ತೋರಿಸಿ, ಅವರು ಬೇಕೆಂದರೆ ಸಂದುಗಳಿಗೆ ಸೀಲೆಂಟ್ ಎಂಬ ಮುಚ್ಚುಲೇಪ ಹಾಕಿಸುವುದು. ಇಷ್ಟಾದ ಮೇಲೂ ಹುಳುಕು ಬಿಡದ ಮಗುವಾದರೆ, ಲೇಸರಿನ ಮಾತು ಆಗ ಕೇಳೋಣ.'

ಅವರು ತಲೆಯಾಡಿಸಿ, ಪಕ್ಕದಲ್ಲಿ ನಿಂತಿದ್ದ ಕಿರಿಯವನ ಗದ್ದ ಹಿಡಿದು ಬಾಯಿ ತೆರೆಸಿದರು. ಸಂಜೆಯ ಮಬ್ಬಿನಲ್ಲಿ ಏನೂ ಕಾಣಲಿಲ್ಲ. ಮೊಬೈಲಿನ ಟಾರ್ಚ್ ಹಾಕಿದೆ. ಇಬ್ಬರೂ ಎಣಿಸಿದೆವು. ಕೆಳಗಡೆ ಬಲಕ್ಕೆ ಆರನೆಯದು ಒಸಡನ್ನು ಸೀಳಿಕೊಂಡು ಅರ್ಧ ಮೇಲೆ ಬಂದಿತ್ತು. ಹಾಲು ಬಣ್ಣ, ಒಂದೂ ಕಲೆಯಿಲ್ಲ. 'ಇದು ಯಾವಾಗ ಬಂತು?' ಎಂದು ತಂದೆ ಅಚ್ಚರಿಪಟ್ಟರು. ಬಸ್ಸು ಬಂದು ಹಾರ್ನ್ ಹೊಡೆಯುತ್ತಿದ್ದರೂ ಇನ್ನೊಂದು ಪಕ್ಕವನ್ನು ಎಣಿಸಿಯೇ ಹತ್ತಿದರು.

ನಿಮ್ಮ ಮನೆಯಲ್ಲಿ ಆರು, ಏಳು ವರ್ಷದ ಮಗುವಿದ್ದರೆ ಇಂದು ರಾತ್ರಿಯೇ ಎಣಿಸಿ ನೋಡಿ. ಅದಕ್ಕೆ ಲೇಸರ್ ಬೇಡ, ಟಾರ್ಚ್ ಸಾಕು.